ಮೊದಲ ಸಲ ಕಾರಿನ ಬಣ್ಣಕ್ಕೆ ಪಾಲಿಶ್ ಮತ್ತು ವ್ಯಾಕ್ಸ್: ಹುಬ್ಬಳ್ಳಿ-ಧಾರವಾಡದ ಧೂಳು, ನೀರು, ಬಿಸಿಲಿಗೆ ಹೊಂದುವ ಕ್ರಮ

ಹುಬ್ಬಳ್ಳಿ-ಧಾರವಾಡದ ಕಾರುಗಳ ಮೇಲೆ ಕೂರುವ ಧೂಳಿಗೆ ಎರಡು ಬಣ್ಣಗಳಿವೆ. ಅಳ್ನಾವರ, ಕಲಘಟಗಿ ಕಡೆಗೆ ಹೋಗಿ ಬಂದ ಕಾರು ಕೆಂಪಾಗಿರುತ್ತದೆ. ನವಲಗುಂದ, ಅಣ್ಣಿಗೇರಿ, ಗದಗಿನ ಕಡೆಯಿಂದ ಬಂದದ್ದು ಎರೆಮಣ್ಣಿನ ಬೂದುಗಪ್ಪು ಹೊದ್ದಿರುತ್ತದೆ. ಯಾವ ಬಣ್ಣದ್ದೇ ಆಗಲಿ, ಆ ಧೂಳಿನಲ್ಲಿ ಸಿಲಿಕಾದ ಸಣ್ಣ ಕಣಗಳಿರುತ್ತವೆ, ಮತ್ತು ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ 7ನೆಯ ಸ್ಥಾನದಲ್ಲಿರುವ ಈ ಕಣಗಳು ಸಾಮಾನ್ಯ ಚಾಕುವಿನ ಉಕ್ಕಿಗಿಂತಲೂ ಗಡಸು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಅವಸರದಲ್ಲಿ ಒಣ ಅರಿವೆಯಿಂದ ಬಾನೆಟ್ಟನ್ನು ಒಮ್ಮೆ ಒರೆಸಿದರೆ, ಆ ಕಣಗಳನ್ನೇ ಬಣ್ಣದ ಮೇಲೆ ಉಜ್ಜಿದಂತಾಗುತ್ತದೆ. ವರ್ಷಗಟ್ಟಲೆ ಹೀಗೆ ಒರೆಸಿದ ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿ ನೋಡಿದರೆ, ಸೂರ್ಯನ ಪ್ರತಿಬಿಂಬದ ಸುತ್ತಲೂ ಜೇಡರ ಬಲೆಯಂತೆ ಸುತ್ತುಗಟ್ಟಿದ ನವಿರಾದ ಗೀರುಗಳು ಕಾಣುತ್ತವೆ. ಕಾರು ಮಂಕಾಗಿದೆ, ಪಾಲಿಶ್ ಮಾಡಿಸಬೇಕು ಎಂದು ಹೆಚ್ಚಿನವರಿಗೆ ಅನ್ನಿಸುವುದು ಇದನ್ನು ಕಂಡಾಗಲೇ.

ಈ ಕೆಲಸವನ್ನು ಮನೆಯ ಮುಂದೆಯೇ, ಯಂತ್ರವಿಲ್ಲದೆ, ಸ್ವಂತ ಕೈಯಿಂದ ಮಾಡಿಕೊಳ್ಳಬಹುದು. ಸಣ್ಣ ಹ್ಯಾಚ್‌ಬ್ಯಾಕ್ ಕಾರಿಗೂ ಒಂದು ಇಡೀ ದಿನ ಬೇಕಾಗುತ್ತದೆ. ಶನಿವಾರ ಮಧ್ಯಾಹ್ನದ ನಂತರ ತೊಳೆದು, ಭಾನುವಾರ ಪಾಲಿಶ್ ಮತ್ತು ವ್ಯಾಕ್ಸ್ ಮುಗಿಸುವುದು ಅನುಕೂಲದ ಕ್ರಮ. ಆ ದಿನದ ಬಹುಪಾಲು ಶ್ರಮ ತೊಳೆಯುವುದಕ್ಕೇ ಹೋಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಚೆನ್ನಾಗಿ ತೊಳೆದ ಕಾರಿಗೆ ಪಾಲಿಶ್ ಎಷ್ಟೋ ಸಲ ಬೇಕಾಗುವುದೇ ಇಲ್ಲ, ಅರೆಬರೆ ತೊಳೆದ ಕಾರಿಗೆ ಎಷ್ಟು ದುಬಾರಿಯ ಪಾಲಿಶ್ ಹಾಕಿದರೂ ಗೀರುಗಳು ಹೆಚ್ಚುತ್ತವೆಯೇ ಹೊರತು ಕಡಿಮೆಯಾಗುವುದಿಲ್ಲ.

ಬಣ್ಣದ ಪದರಗಳು

ಕಾರ್ಖಾನೆಯಲ್ಲಿ ಉಕ್ಕಿನ ಹಾಳೆಯ ಮೇಲೆ ಮೊದಲು ತುಕ್ಕು ತಡೆಯುವ ಲೇಪವನ್ನೂ, ಅದರ ಮೇಲೆ ಪ್ರೈಮರನ್ನೂ, ಅನಂತರ ನಮಗೆ ಕಾಣುವ ಬಣ್ಣವನ್ನೂ, ಎಲ್ಲಕ್ಕೂ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟನ್ನೂ ಹಚ್ಚಿರುತ್ತಾರೆ. ಇವೆಲ್ಲವೂ ಸೇರಿದರೆ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಇದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 35ರಿಂದ 50 ಮೈಕ್ರಾನ್ ಮಾತ್ರ, ಅಂದರೆ ಸಾಧಾರಣ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಕೆಳಗಿನ ಬಣ್ಣವನ್ನು ಕಾಪಾಡುವುದು ಇದೇ ಪದರ. ನಾವು ನೋಡುವ ಹೆಚ್ಚಿನ ಗೀರುಗಳು ಇರುವುದೂ ಈ ಪದರದಲ್ಲಿಯೇ.

ಅಂಗಡಿಯ ಕಪಾಟಿನಲ್ಲಿ ಪಾಲಿಶ್ ಮತ್ತು ವ್ಯಾಕ್ಸ್ ಅಕ್ಕಪಕ್ಕದಲ್ಲಿ ಕುಳಿತಿದ್ದರೂ ಅವುಗಳ ಕೆಲಸ ಒಂದಕ್ಕೊಂದು ತದ್ವಿರುದ್ಧ. ಪಾಲಿಶ್‌ನಲ್ಲಿ ಅತಿ ಸಣ್ಣ ಅರೆಯುವ ಕಣಗಳಿರುತ್ತವೆ. ಅದು ಗೀರಿನ ಸುತ್ತಲಿನ ಕ್ಲಿಯರ್ ಕೋಟನ್ನು ತುಸು ತುಸುವೇ ಸವೆಸಿ, ಮೇಲ್ಮೈಯನ್ನು ಗೀರಿನ ತಳದ ಮಟ್ಟಕ್ಕೆ ತರುತ್ತದೆ. ರಬ್ಬಿಂಗ್ ಕಾಂಪೌಂಡ್ ಎಂದು ಮಾರುವುದು ಇದರ ಒರಟು ಅಣ್ಣ. ಸವೆಸುವ ವೇಗ ಅದಕ್ಕೆ ಹೆಚ್ಚು. ವ್ಯಾಕ್ಸ್ ಏನನ್ನೂ ಸವೆಸುವುದಿಲ್ಲ. ನೀರು, ಧೂಳು, ಹಕ್ಕಿಯ ಹಿಕ್ಕೆ ನೇರವಾಗಿ ಬಣ್ಣವನ್ನು ತಾಕದಂತೆ ಮೇಲೊಂದು ತೆಳು ಹೊದಿಕೆಯನ್ನು ಕಟ್ಟುತ್ತದೆ. ಕೆಲವು ತಿಂಗಳಲ್ಲಿ ವ್ಯಾಕ್ಸ್ ತೊಳೆದುಹೋದರೆ ಮತ್ತೆ ಹಚ್ಚಬಹುದು, ಆದರೆ ಪಾಲಿಶ್ ಸವೆಸಿದ ಕ್ಲಿಯರ್ ಕೋಟ್ ಮರಳಿ ಬೆಳೆಯುವುದಿಲ್ಲ. ಆದ್ದರಿಂದ ವ್ಯಾಕ್ಸನ್ನು ವರ್ಷಕ್ಕೆ ಮೂರು ನಾಲ್ಕು ಸಲ ಹಚ್ಚಲು ಅಡ್ಡಿಯಿಲ್ಲ, ಪಾಲಿಶನ್ನು ಮಾತ್ರ ಅಗತ್ಯ ಕಂಡಾಗ, ಅಗತ್ಯವಿರುವ ಭಾಗಕ್ಕೆ, ಸಾಧ್ಯವಾದಷ್ಟು ನವಿರಾದದ್ದರಿಂದಲೇ ಮಾಡಬೇಕು. ಹಳೆಯ ಕಾರುಗಳ ಛಾವಣಿಯ ಮೇಲೆ ಬಿಳಿಚಿಕೊಂಡು ಚಕ್ಕೆ ಚಕ್ಕೆಯಾಗಿ ಏಳುತ್ತಿರುವ ಪೊರೆಯನ್ನು ಕಂಡಿದ್ದರೆ, ಅದು ಸತ್ತುಹೋದ ಕ್ಲಿಯರ್ ಕೋಟ್. ಅದಕ್ಕೆ ಪಾಲಿಶ್ ಮದ್ದಲ್ಲ, ಹೊಸದಾಗಿ ಬಣ್ಣ ಹೊಡೆಸುವುದೊಂದೇ ದಾರಿ.

ಎರಡು ಬಗೆಯ ಕಾರುಗಳಲ್ಲಿ ಕೈ ಹಾಕುವ ಮೊದಲು ತಡೆಯಬೇಕು. ಹೊಳಪಿಲ್ಲದ ಮ್ಯಾಟ್ ಬಣ್ಣದ ಕಾರಿಗೆ ಪಾಲಿಶ್ ಸಲ್ಲದು. ಉಜ್ಜಿದ ಜಾಗ ಹೊಳೆಯತೊಡಗಿ ಕಾರು ತೇಪೆ ಹಾಕಿದಂತೆ ಕಾಣುತ್ತದೆ. ಅಪಘಾತವಾಗಿ ಡೆಂಟಿಂಗ್-ಪೇಂಟಿಂಗ್ ಮಾಡಿಸಿದ ಭಾಗವಿದ್ದರೆ ಅದರ ದ್ರಾವಕಗಳು ಪೂರ್ತಿ ಆರುವವರೆಗೆ ವ್ಯಾಕ್ಸ್ ಹಚ್ಚಬಾರದು. ಇದಕ್ಕೆ ಸಾಮಾನ್ಯವಾಗಿ 30ರಿಂದ 90 ದಿನ ಹೇಳುತ್ತಾರೆ. ಬಣ್ಣ ಹೊಡೆದವರನ್ನೇ ಕೇಳುವುದು ಒಳ್ಳೆಯದು.

ಕಾಲ ಮತ್ತು ಜಾಗ

ನಮ್ಮಲ್ಲಿ ಈ ಕೆಲಸಕ್ಕೆ ಒಪ್ಪುವ ಕಾಲ ದೀಪಾವಳಿಯಿಂದ ಶಿವರಾತ್ರಿಯವರೆಗಿನದು. ಆಷಾಢ, ಶ್ರಾವಣದಲ್ಲಿ ಧಾರವಾಡದ ಜಿಟಿಜಿಟಿ ಮಳೆ ಬಿಡುವು ಕೊಡುವುದಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಾನೆಟ್ಟು ಬೆಳಿಗ್ಗೆ ಹತ್ತಕ್ಕೇ ಕಾಯತೊಡಗುತ್ತದೆ, ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ಅರ್ಧ ಉಜ್ಜಿದ ಬಣ್ಣದ ಮೇಲೆಯೇ ಧೂಳು ಬಂದು ಕೂರುತ್ತದೆ. ಕಾದ ಲೋಹದ ಮೇಲೆ ಶಾಂಪೂ, ಪಾಲಿಶ್, ವ್ಯಾಕ್ಸ್ ಮೂರೂ ಬೇಗನೆ ಒಣಗಿ ಕಲೆಯಾಗುತ್ತವೆ. ಅಂಗೈಯ ಹಿಂಬದಿಯನ್ನು ಬಾನೆಟ್ಟಿನ ಮೇಲಿಟ್ಟು ನೋಡಿ. ತಣ್ಣಗಿದ್ದರೆ ಮಾತ್ರ ಕೆಲಸ ಆರಂಭಿಸಿ. ದೂರದಿಂದ ಓಡಿಸಿಕೊಂಡು ಬಂದಿದ್ದರೆ ಎಂಜಿನ್ ಆರುವವರೆಗೆ ಕಾಯಬೇಕು.

ನೆರಳು ಬೇಕು, ಆದರೆ ಮರದ ನೆರಳು ಬೇಡ. ಬೇವು, ಹೊಂಗೆ, ಮಾವಿನ ಮರಗಳ ಕೆಳಗೆ ಎಲೆ, ಅಂಟು, ಹಿಕ್ಕೆ ಬೀಳುತ್ತಲೇ ಇರುತ್ತವೆ. ಮನೆಯ ಪೋರ್ಚು, ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗ್, ಅಥವಾ ಮನೆಯ ಗೋಡೆಯ ನೆರಳು ಬೀಳುವ ಬದಿ ಸಾಕು. ಗೀರುಗಳನ್ನು ಪರೀಕ್ಷಿಸುವಾಗ ಮಾತ್ರ ಬಿಸಿಲು ಬೇಕು, ಇಲ್ಲವೆ ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದರೂ ಆಗುತ್ತದೆ.

ಬೇಕಾಗುವ ಸಾಮಾನು

ಎರಡು ಬಕೆಟ್, ಕಾರಿನದೇ ಶಾಂಪೂ, ನೂಲಿನ ಎಳೆಗಳಿರುವ ತೊಳೆಯುವ ಕೈಗವಸು, ಎಂಟು ಹತ್ತು ಮೈಕ್ರೋಫೈಬರ್ ಅರಿವೆಗಳು, ಒಂದು ದೊಡ್ಡ ಒಣಗಿಸುವ ಟವೆಲ್, ಬಣ್ಣಕ್ಕೆ ಕಚ್ಚಿಕೊಂಡ ಕಣಗಳನ್ನು ಎತ್ತುವ ಜೇಡಿಮಣ್ಣಿನಂಥ ಮೆದು ಕ್ಲೇ ಬಾರ್, ನವಿರು ಪಾಲಿಶ್, ವ್ಯಾಕ್ಸ್, ನಾಲ್ಕೈದು ಫೋಮ್ ಪ್ಯಾಡ್, ಬಣ್ಣ ಹೊಡೆಯುವವರು ಬಳಸುವ ಕಾಗದದ ಮಾಸ್ಕಿಂಗ್ ಟೇಪ್. ಹುಬ್ಬಳ್ಳಿಯಲ್ಲಿ ಕಾರಿನ ಬಿಡಿಭಾಗ ಮಾರುವ ಅಂಗಡಿಗಳಲ್ಲಿ ಕ್ಲೇ ಬಾರ್ ಒಂದನ್ನುಳಿದು ಎಲ್ಲವೂ ಸುಲಭವಾಗಿ ಸಿಗುತ್ತವೆ. ಕ್ಲೇ ಸಿಗದಿದ್ದರೆ ಆನ್‌ಲೈನಿನಲ್ಲಿ ತರಿಸಬೇಕಾದೀತು. ಹಣ ಉಳಿಸುವುದಾದರೆ ವ್ಯಾಕ್ಸಿನಲ್ಲಿ ಉಳಿಸಿ, ಅರಿವೆಯಲ್ಲಿ ಉಳಿಸಬೇಡಿ. ಗ್ಯಾರೇಜಿನಲ್ಲಿ ತೂಕಕ್ಕೆ ಸಿಗುವ ಬನಿಯನ್ ವೇಸ್ಟ್, ಹಳೆಯ ಲುಂಗಿ, ಪಂಚೆಯ ತುಂಡು ಇವು ಎಂಜಿನ್ ಎಣ್ಣೆ ಒರೆಸಲು ಸರಿ; ಬಣ್ಣವನ್ನು ಅವು ಮುಟ್ಟಬಾರದು, ಏಕೆಂದರೆ ಅವುಗಳ ಹೊಲಿಗೆ, ಗುಂಡಿ, ಮಡಿಕೆಯಲ್ಲಿ ಸಿಕ್ಕ ಮರಳು ಗೀರು ಮಾಡುತ್ತದೆ. ಮೈಕ್ರೋಫೈಬರ್ ಅರಿವೆಯನ್ನು ಕೊಳ್ಳುವಾಗ ಅದರ ಮೇಲೆ ನಮೂದಿಸಿದ, ಒಂದು ಚದರ ಮೀಟರ್ ಅರಿವೆಯ ತೂಕವನ್ನು ಗ್ರಾಂಗಳಲ್ಲಿ ಹೇಳುವ ಜಿಎಸ್‌ಎಂ ನೋಡಿ. ಪಾಲಿಶ್, ವ್ಯಾಕ್ಸ್ ಒರೆಸಲು 300ರಿಂದ 400, ನೀರು ಹೀರಿಸಲು ಅದಕ್ಕಿಂತ ದಪ್ಪನೆಯದು. ಅಂಚಿನಲ್ಲಿ ಹೊಲಿದಿರುವ ಲೇಬಲ್ಲನ್ನು ಮೊದಲು ಕತ್ತರಿಸಿ ಎಸೆಯಿರಿ.

ತೊಳೆಯುವುದು

ಇಲ್ಲಿ ಎರಡು ಸ್ಥಳೀಯ ತೊಡಕುಗಳಿವೆ. ನಳದ ನೀರು ದಿನಾ ಬರುವುದಿಲ್ಲ, ಬೋರ್ ನೀರು ಸವಳು. ಸವಳು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ನೀರು ಆರಿದಾಗ ಬಣ್ಣದ ಮೇಲೆ ಬಿಳಿಯ ಉಂಗುರಗಳಾಗಿ ಉಳಿಯುತ್ತವೆ, ಬಿಸಿಲಿಗೆ ಬೇಯುತ್ತಾ ಹೋದರೆ ಕ್ಲಿಯರ್ ಕೋಟನ್ನು ಕೊರೆಯುತ್ತವೆ. ಆದ್ದರಿಂದ ಕೆಸರು ಬಿಡಿಸುವ ಮೊದಲ ಸುತ್ತಿಗೆ ಬೋರ್ ನೀರನ್ನು ಬಳಸಿ, ಶಾಂಪೂ ಕಲಸಲು ಮತ್ತು ಕೊನೆಯ ಸುತ್ತು ಜಾಲಿಸಲು ಸಂಪಿನಲ್ಲಿ ಹಿಡಿದಿಟ್ಟ ಮಲಪ್ರಭೆಯ ನೀರನ್ನು ಮೀಸಲಿಡಿ. ಪೈಪ್ ಬಿಟ್ಟು ತೊಳೆದರೆ ನೂರಾರು ಲೀಟರ್ ಹೋಗುತ್ತದೆ. ಬಕೆಟ್, ಚೊಂಬು ಬಳಸಿ ಜಾಗ್ರತೆಯಿಂದ ತೊಳೆದರೆ ಐದಾರು ಬಕೆಟ್ಟಿನಲ್ಲಿ ಮುಗಿಯುತ್ತದೆ.

ಮೊದಲು ಚಕ್ರಗಳು. ಅವುಗಳಿಗೆ ಬೇರೆಯೇ ಅರಿವೆ, ಬೇರೆಯೇ ನೀರು ಇರಬೇಕು. ಬ್ರೇಕಿನಿಂದ ಉದುರುವ ಪುಡಿಯಲ್ಲಿ ಲೋಹದ ಕಣಗಳಿರುತ್ತವೆ. ಚಕ್ರ ಒರೆಸಿದ ಅರಿವೆಯಿಂದಲೇ ಬಾಗಿಲು ಒರೆಸುವುದು ರಸ್ತೆಬದಿಯ ವಾಷಿಂಗ್ ಸೆಂಟರುಗಳಲ್ಲಿ ಕಾಣುವ ದೃಶ್ಯ, ಮತ್ತು ಹೊಸ ಕಾರುಗಳ ಗೀರುಗಳಲ್ಲಿ ದೊಡ್ಡ ಪಾಲು ಬರುವುದು ಇಂಥ ತೊಳೆತದಿಂದಲೇ ಎಂದು ನಾನು ತಿಳಿದಿದ್ದೇನೆ. ಎರೆಮಣ್ಣು ಮಡ್‌ಗಾರ್ಡಿನ ಒಳಗೆ ಸೇರಿ ಒಣಗಿದ್ದರೆ ಅದು ಗಾರೆಯಂತೆ ಗಟ್ಟಿಯಾಗಿರುತ್ತದೆ. ಅದನ್ನು ಕೆರೆಯಬೇಡಿ. ನೀರು ಹಾಕಿ ಹತ್ತು ನಿಮಿಷ ನೆನೆಯಲು ಬಿಟ್ಟರೆ ಉಬ್ಬಿ ತಾನೇ ಸಡಿಲವಾಗುತ್ತದೆ.

ಅನಂತರ ಇಡೀ ಕಾರಿನ ಮೇಲೆ ಮೇಲಿನಿಂದ ಕೆಳಕ್ಕೆ ನೀರು ಸುರಿದು, ಕೈಯಿಂದ ಮುಟ್ಟದೆಯೇ ಸಡಿಲ ಧೂಳನ್ನು ಹರಿಸಿಬಿಡಿ. ಒಂದು ಬಕೆಟ್ಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು ಇಟ್ಟುಕೊಳ್ಳಿ. ಕೈಗವಸನ್ನು ಶಾಂಪೂ ನೀರಿನಲ್ಲಿ ಅದ್ದಿ, ಛಾವಣಿಯಿಂದ ಆರಂಭಿಸಿ, ಭಾರ ಹಾಕದೆ, ನೇರ ಗೆರೆಯಲ್ಲಿ ಒಂದು ಭಾಗವನ್ನು ಮುಗಿಸಿ, ಆ ಕೈಗವಸನ್ನು ಬರೀ ನೀರಿನ ಬಕೆಟ್ಟಿನಲ್ಲಿ ಚೆನ್ನಾಗಿ ಅಲುಗಾಡಿಸಿ ಮಣ್ಣು ಬಿಡಿಸಿದ ಮೇಲೆಯೇ ಮತ್ತೆ ಶಾಂಪೂವಿಗೆ ಅದ್ದಬೇಕು. ಎರಡನೆಯ ಬಕೆಟ್ಟಿನ ತಳದಲ್ಲಿ ಕೂರುವ ಕೆಂಪು ಗಸಿಯನ್ನು ನೋಡಿದವರಿಗೆ ಈ ಕ್ರಮದ ಅಗತ್ಯವನ್ನು ಬೇರೆ ವಿವರಿಸಬೇಕಿಲ್ಲ. ಗಾಜು, ಛಾವಣಿ, ಬಾನೆಟ್, ಬಾಗಿಲುಗಳ ಮೇಲರ್ಧ ಮುಗಿದ ನಂತರ, ಹೆಚ್ಚು ಮಣ್ಣಿರುವ ಕೆಳಭಾಗ ಮತ್ತು ಹಿಂಬದಿಯನ್ನು ಕೊನೆಗೆ ತೊಳೆಯಿರಿ. ಪಾತ್ರೆ ತೊಳೆಯುವ ದ್ರವ ಹಳೆಯ ವ್ಯಾಕ್ಸನ್ನು ತೆಗೆದುಹಾಕುತ್ತದೆ ಎಂದು ಕೆಲವರು ಅದನ್ನು ಸಲಹೆ ಮಾಡುತ್ತಾರೆ. ರಬ್ಬರ್ ಬೀಡಿಂಗುಗಳಿಗೆ ಅದು ಹಿತವಲ್ಲ, ಮತ್ತು ಪಾಲಿಶ್ ಮಾಡುವುದೇ ಆದರೆ ಹಳೆಯ ವ್ಯಾಕ್ಸ್ ಹೇಗೂ ಹೋಗುತ್ತದೆ. ಬಟ್ಟೆ ಸೋಪಿನ ಪುಡಿಯಂತೂ ಬೇಡವೇ ಬೇಡ.

ಖಂಡೇನವಮಿಯ ಪೂಜೆಯ ನಂತರ ಬಾನೆಟ್ಟಿನ ಮೇಲೆ ವಾರಗಟ್ಟಲೆ ಬಿಟ್ಟ ಕುಂಕುಮ, ಅರಿಶಿಣ ತೊಳೆದರೂ ಪೂರ್ತಿ ಹೋಗದೆ ನಸು ಕಲೆಯಾಗಿ ಉಳಿಯುವುದುಂಟು. ತಿಳಿಬಣ್ಣದ ಕಾರಿನಲ್ಲಿ ಅದು ಎದ್ದು ಕಾಣುತ್ತದೆ. ಅದನ್ನು ತೊಳೆಯುವ ಹಂತದಲ್ಲಿ ಉಗುರಿನಿಂದಲೋ ತೆಂಗಿನ ನಾರಿನಿಂದಲೋ ಉಜ್ಜಲು ಹೋಗದೆ ಪಾಲಿಶ್ ಹಂತಕ್ಕೆ ಬಿಡಿ. ಸವಳಿನ ಬಿಳಿ ಕಲೆಗಳಿಗೆ ಮಾತ್ರ ಈಗಲೇ ಉಪಾಯ ಮಾಡಬಹುದು: ಅಡುಗೆಯ ಬಿಳಿ ವಿನೆಗರಿಗೆ ಸಮ ಪ್ರಮಾಣದ ನೀರು ಬೆರೆಸಿ, ಅರಿವೆಯನ್ನು ಅದರಲ್ಲಿ ನೆನೆಸಿ, ಕಲೆಯ ಮೇಲೆ ಒಂದೆರಡು ನಿಮಿಷ ಹಾಸಿಟ್ಟು, ಕೂಡಲೇ ನೀರಿನಿಂದ ತೊಳೆದುಬಿಡಬೇಕು. ಒಣಗಲು ಬಿಡಬಾರದು.

ಒಣಗಿಸುವಾಗ ಟವೆಲ್ಲನ್ನು ಎಳೆದು ಉಜ್ಜುವ ಬದಲು ಹಾಸಿ, ಮೆಲ್ಲಗೆ ಒತ್ತಿ ಎತ್ತಿ. ಕನ್ನಡಿ, ಬಾಗಿಲ ಹಿಡಿಕೆ, ನಂಬರ್ ಪ್ಲೇಟಿನ ಹಿಂದೆ ಅಡಗಿದ ನೀರು ಆಮೇಲೆ ಸೋರಿ ಬಂದು ಪಾಲಿಶ್ ಕೆಡಿಸುತ್ತದೆ, ಆದ್ದರಿಂದ ಬಾಗಿಲುಗಳನ್ನೂ ಡಿಕ್ಕಿಯನ್ನೂ ತೆರೆದು ಅಂಚುಗಳನ್ನು ಒರೆಸಿ. ಶನಿವಾರ ತೊಳೆದಿಟ್ಟ ಕಾರನ್ನು ರಾತ್ರಿ ಒಳಗೆ ನಿಲ್ಲಿಸಲಾಗದಿದ್ದರೆ, ಭಾನುವಾರ ಮುಂಜಾನೆ ಮತ್ತೊಮ್ಮೆ ನೀರು ಸುರಿದು ಒರೆಸದೆ ಮುಂದುವರಿಯಬೇಡಿ.

ಕೈಗೆ ತಾಕುವ ಒರಟುತನ

ತೊಳೆದು ಒಣಗಿಸಿದ ಬಾನೆಟ್ಟಿನ ಮೇಲೆ, ತೆಳುವಾದ ಪ್ಲಾಸ್ಟಿಕ್ ಚೀಲವನ್ನು ಕೈಗೆ ಹಾಕಿಕೊಂಡು ಬೆರಳಾಡಿಸಿ. ನುಣುಪಾಗಿದ್ದರೆ ಈ ಹಂತವನ್ನು ಬಿಟ್ಟು ಮುಂದೆ ಹೋಗಿ. ಸಣ್ಣ ರವೆಯಂಥದ್ದು ತಾಕಿದರೆ, ಡಾಂಬರಿನ ಚುಕ್ಕೆ, ಮರದ ಅಂಟು, ಬ್ರೇಕಿನ ಲೋಹದ ಪುಡಿ ಬಣ್ಣಕ್ಕೆ ಕಚ್ಚಿಕೊಂಡಿವೆ ಎಂದರ್ಥ. ರೈಲು ಹಳಿಯ ಸಮೀಪ ಅಥವಾ ಲಾರಿಗಳ ದಟ್ಟಣೆಯ ಬೈಪಾಸ್ ಪಕ್ಕದಲ್ಲಿ ನಿಲ್ಲುವ ಕಾರುಗಳಲ್ಲಿ ಇದು ಹೆಚ್ಚು. ಕ್ಲೇ ಬಾರಿನ ತುಂಡೊಂದನ್ನು ಕೈಯಲ್ಲಿ ನಾದಿ ಚಪ್ಪಟೆ ಮಾಡಿ, ಬಣ್ಣದ ಮೇಲೆ ಶಾಂಪೂ ಬೆರೆಸಿದ ನೀರನ್ನು ಧಾರಾಳವಾಗಿ ಸಿಂಪಡಿಸಿ, ಜಾರುವಂತೆ ಹಗುರವಾಗಿ ಆಡಿಸಿ. ಕ್ಲೇ ಕಪ್ಪಾದಂತೆ ಮಡಚಿ ಹೊಸ ಮುಖ ತೆಗೆಯಿರಿ. ನೆಲಕ್ಕೆ ಬಿದ್ದ ಕ್ಲೇ ತುಂಡನ್ನು ಎಷ್ಟೇ ಬೆಲೆಯದಾದರೂ ಎಸೆದುಬಿಡಬೇಕು.

ಪಾಲಿಶ್

ಈಗ ಕಾರನ್ನು ಬೆಳಕಿನಲ್ಲಿ ನೋಡಿ ನಿರ್ಧರಿಸಿ. ಗೀರಿಗೆ ಅಡ್ಡಲಾಗಿ ಉಗುರನ್ನು ಮೆಲ್ಲಗೆ ಎಳೆದಾಗ ಉಗುರು ಸಿಕ್ಕಿಕೊಂಡರೆ ಆ ಗೀರು ಆಳವಾದದ್ದು. ಕೈಯ ಪಾಲಿಶ್‌ನಿಂದ ಅದು ಹೋಗುವುದಿಲ್ಲ, ಹೋಗಲೇಬೇಕೆಂದು ಉಜ್ಜುತ್ತಾ ನಿಂತರೆ ಕ್ಲಿಯರ್ ಕೋಟೇ ಹೋಗುತ್ತದೆ. ಉಗುರಿಗೆ ಸಿಗದ, ಕಣ್ಣಿಗೆ ಮಾತ್ರ ಕಾಣುವ ಗೀರುಗಳು ನಮ್ಮ ಗುರಿ. ಒಂದೆರಡು ವರ್ಷದ ಕಾರಿನಲ್ಲಿ ಇವೂ ಅಷ್ಟಾಗಿ ಇಲ್ಲದಿದ್ದರೆ ಪಾಲಿಶ್ ಮಾಡದೆ ನೇರವಾಗಿ ವ್ಯಾಕ್ಸಿಗೆ ಹೋಗಿ. ಮೊದಲ ಸಲ ಮಾಡುವವರಲ್ಲಿ ಅನೇಕರಿಗೆ ಇದೇ ಸರಿಯಾದ ನಿರ್ಧಾರವಾಗಿರುತ್ತದೆ.

ಕಪ್ಪು ಪ್ಲಾಸ್ಟಿಕ್ ಪಟ್ಟಿಗಳು, ರಬ್ಬರ್ ಬೀಡಿಂಗ್, ಲಾಂಛನದ ಸುತ್ತ, ಮತ್ತು ಬಾನೆಟ್ಟು, ಬಾಗಿಲುಗಳ ಚೂಪಾದ ಅಂಚುಗಳ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ. ಅಂಚುಗಳಲ್ಲಿ, ಉಬ್ಬು ಗೆರೆಗಳಲ್ಲಿ ಬಣ್ಣದ ಪದರ ತೆಳುವಾಗಿರುತ್ತದೆ, ಉಜ್ಜುವ ಒತ್ತಡವೆಲ್ಲ ಅಲ್ಲಿಯೇ ಬೀಳುತ್ತದೆ. ಮೊದಲು ಹಾಳಾಗುವ ಜಾಗ ಅದೇ.

ಇಡೀ ಕಾರಿಗೆ ಕೈ ಹಾಕುವ ಮೊದಲು ಅಷ್ಟಾಗಿ ಕಣ್ಣಿಗೆ ಬೀಳದ ಒಂದು ಕಡೆ, ಸುಮಾರು ಒಂದೂವರೆ ಅಡಿ ಉದ್ದಗಲದ ಜಾಗದಲ್ಲಿ ಪರೀಕ್ಷೆ ಮಾಡಬೇಕು. ಫೋಮ್ ಪ್ಯಾಡಿಗೆ ಬಟಾಣಿ ಕಾಳಿನಷ್ಟು ಪಾಲಿಶನ್ನು ಮೂರು ನಾಲ್ಕು ಚುಕ್ಕೆಗಳಾಗಿ ಹಾಕಿ, ಮೊದಲು ಉಜ್ಜದೆ ಆ ಜಾಗಕ್ಕೆಲ್ಲ ಸವರಿ, ಬಳಿಕ ಬೆರಳ ತುದಿಗಳ ಬದಲು ಅಂಗೈಯಿಂದ ಸಮವಾಗಿ ಒತ್ತಿ ಹಿಡಿದು ಉಜ್ಜಿ. ಬೆರಳ ತುದಿಯಿಂದ ಒತ್ತಿದರೆ ಒತ್ತಡ ನಾಲ್ಕು ಗೆರೆಗಳಲ್ಲಿ ಬಿದ್ದು, ಉಜ್ಜಿದ ಗುರುತು ಆಮೇಲೆ ಬಿಸಿಲಿನಲ್ಲಿ ಕಾಣಿಸುತ್ತದೆ. ಉದ್ದಕ್ಕೆ ಕೆಲವು ಸುತ್ತು, ಅಡ್ಡಕ್ಕೆ ಕೆಲವು ಸುತ್ತು, ಪ್ರತಿ ಗೆರೆಯೂ ಹಿಂದಿನದರ ಅರ್ಧದ ಮೇಲೆ ಹಾಯುವಂತೆ ಸಾಗಬೇಕು. ಕೆಲವು ನಿಮಿಷಗಳಲ್ಲಿ ಬಿಳಿಯ ಪಾಲಿಶ್ ತೆಳುವಾಗಿ, ಅರೆ ಪಾರದರ್ಶಕ ಪೊರೆಯಂತಾದಾಗ ನಿಲ್ಲಿಸಿ, ಸ್ವಚ್ಛವಾದ ಅರಿವೆಯಿಂದ ಒರೆಸಿ, ಟಾರ್ಚ್ ಹಿಡಿದು ಪಕ್ಕದ ಉಜ್ಜದ ಜಾಗದೊಂದಿಗೆ ಹೋಲಿಸಿ. ಅರ್ಧಕ್ಕರ್ಧ ಗೀರು ಕಡಿಮೆಯಾಗಿದ್ದರೂ ದೂರದಿಂದ ನೋಡುವವರಿಗೆ ಕಾರು ಬೇರೆಯೇ ಆಗಿ ಕಾಣುತ್ತದೆ. ಬೇಕೆನಿಸಿದರೆ ಇನ್ನೊಂದು ಸುತ್ತು ಮಾಡಿ, ಮೂರನೆಯದಕ್ಕೆ ಹೋಗಬೇಡಿ. ಪ್ರತಿ ಗೀರನ್ನೂ ಅಳಿಸುವ ಹಟ ಕ್ಲಿಯರ್ ಕೋಟಿಗೆ ಹೊರೆ.

ಪ್ಯಾಡಿನ ಮೇಲೆ ಕಾರಿನ ಬಣ್ಣವೇ ಹತ್ತಿಕೊಂಡರೆ ಕೂಡಲೇ ಕೈ ನಿಲ್ಲಿಸಿ ಯೋಚಿಸಿ. ಹಳೆಯ ಕಾರುಗಳಲ್ಲಿ, ಅದರಲ್ಲೂ ಲೋಹದ ಹೊಳಪಿಲ್ಲದ ಬಿಳಿ, ಕೆಂಪು ಬಣ್ಣಗಳಲ್ಲಿ, ಕ್ಲಿಯರ್ ಕೋಟ್ ಇಲ್ಲದ ಒಂದೇ ಪದರದ ಪೇಂಟ್ ಇರುವುದುಂಟು. ಅಂಥದ್ದರಲ್ಲಿ ಪ್ಯಾಡಿಗೆ ಬಣ್ಣ ಹತ್ತುವುದು ಸಹಜ, ಹಗುರ ಕೈಯಿಂದ ಮುಂದುವರಿಯಬಹುದು. ಕ್ಲಿಯರ್ ಕೋಟ್ ಇರುವ ಹೊಸ ಕಾರಿನಲ್ಲಿ ಹೀಗಾದರೆ ಆ ಜಾಗದಲ್ಲಿ ಪದರ ಮುಗಿದಿದೆ ಎಂದೇ ತಿಳಿಯಬೇಕು.

ಪರೀಕ್ಷೆಯಲ್ಲಿ ಒಪ್ಪಿಗೆಯಾದ ಕ್ರಮದಲ್ಲಿಯೇ ಉಳಿದ ಭಾಗಗಳನ್ನು ಒಂದೊಂದಾಗಿ ಮಾಡುತ್ತಾ ಹೋಗಿ. ಬಾನೆಟ್ಟು ಎಂದರೆ ಕನಿಷ್ಠ ಆರು ಜಾಗ, ಬಾಗಿಲು ಎಂದರೆ ಮೂರು ನಾಲ್ಕು. ಪ್ಲಾಸ್ಟಿಕ್ ಬಂಪರ್ ಮೇಲೆ ಬಣ್ಣ ಬೇಗ ಬಿಸಿಯಾಗುವುದರಿಂದ ಒತ್ತಡ ಇನ್ನೂ ಕಡಿಮೆ ಇರಲಿ. ಎರಡು ಮೂರು ಭಾಗ ಮುಗಿಯುತ್ತಿದ್ದಂತೆ ಪ್ಯಾಡ್ ಬದಲಿಸಿ, ಏಕೆಂದರೆ ಸವೆದ ಬಣ್ಣದ ಪುಡಿ ಅದರಲ್ಲಿ ತುಂಬಿಕೊಂಡಿರುತ್ತದೆ. ದಣಿವಾದರೆ ಬಾನೆಟ್ಟು ಮತ್ತು ಛಾವಣಿಗೆ ಮಾತ್ರ ಪಾಲಿಶ್ ಮಾಡಿ ನಿಲ್ಲಿಸಿದರೂ ತಪ್ಪಿಲ್ಲ. ಬಿಸಿಲು ಬೀಳುವುದೂ, ಕಣ್ಣು ಬೀಳುವುದೂ ಅಲ್ಲಿಯೇ ಹೆಚ್ಚು.

ಯಂತ್ರದ ವಿಷಯ ಚುಟುಕಾಗಿ. ಗ್ಯಾರೇಜುಗಳಲ್ಲಿ ಗರಗರನೆ ಒಂದೇ ಅಕ್ಷದಲ್ಲಿ ತಿರುಗುವ ರೋಟರಿ ಯಂತ್ರ ಒಂದೇ ಕಡೆ ಕೆಲವು ಕ್ಷಣ ನಿಂತರೂ ಬಣ್ಣವನ್ನು ಸುಡಬಲ್ಲದು. ಅದನ್ನು ಹೊಸಬರು ಹಿಡಿಯಬಾರದು. ತಿರುಗುತ್ತಲೇ ಅತ್ತಿತ್ತ ಕಂಪಿಸುವ ಡ್ಯುಯಲ್ ಆ್ಯಕ್ಷನ್ ಯಂತ್ರ ಅಷ್ಟು ಅಪಾಯಕಾರಿಯಲ್ಲ, ಆದರೆ ಒಂದೇ ಕಾರಿಗಾಗಿ ಅದನ್ನು ಕೊಳ್ಳುವುದು ದುಂದು. ಸೀಮೆಎಣ್ಣೆ ಅಥವಾ ಡೀಸೆಲ್ ಸವರಿ ಹೊಳಪು ಬರಿಸುವ ಅಭ್ಯಾಸವೂ ಅಲ್ಲಲ್ಲಿ ಇದೆ. ಆ ಹೊಳಪು ಎಣ್ಣೆಯ ಪಸೆಯದು. ಸಂಜೆಯೊಳಗೆ ಬೀದಿಯ ಧೂಳನ್ನೆಲ್ಲ ಅದು ಅಂಟಿಸಿಕೊಳ್ಳುತ್ತದೆ, ರಬ್ಬರನ್ನೂ ಕೆಡಿಸುತ್ತದೆ.

ವ್ಯಾಕ್ಸ್

ಪಾಲಿಶ್ ಬಿಟ್ಟ ಎಣ್ಣೆಯ ಪಸೆ ಉಳಿದಿದ್ದರೆ ವ್ಯಾಕ್ಸ್ ಚೆನ್ನಾಗಿ ಹಿಡಿಯುವುದಿಲ್ಲ. ಒಂದು ಪಾಲು ಐಸೋಪ್ರೊಪೈಲ್ ಆಲ್ಕೋಹಾಲಿಗೆ ಮೂರು ಪಾಲು ಬ್ಯಾಟರಿ ನೀರು, ಅಂದರೆ ಅಂಗಡಿಗಳಲ್ಲಿ ಬ್ಯಾಟರಿಗೆಂದು ಮಾರುವ ಶುದ್ಧ ನೀರನ್ನು ಬೆರೆಸಿ ಅರಿವೆಗೆ ಸಿಂಪಡಿಸಿಕೊಂಡು ಒಮ್ಮೆ ಒರೆಸಿ. ಬ್ಯಾಟರಿಯ ಆ್ಯಸಿಡ್ ಮತ್ತು ಬ್ಯಾಟರಿ ನೀರು ಎರಡನ್ನೂ ಮಾರುವ ಕಡೆ ಡಬ್ಬಿಯ ಮೇಲಿನದನ್ನು ಓದಿಯೇ ಕೊಳ್ಳಿ.

ವ್ಯಾಕ್ಸಿನಲ್ಲಿ ಮುಖ್ಯವಾಗಿ ಎರಡು ಬಗೆ. ಬ್ರೆಜಿಲಿನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆಯ ಎಲೆಗಳಿಂದ ತೆಗೆದ ಕಾರ್ನೂಬಾ ಮೇಣದಿಂದ ಮಾಡಿದ್ದು ಒಂದು. ಅದು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಗಟ್ಟಿ ಮೇಣ, ಆದರೆ ಡಬ್ಬಿಯಲ್ಲಿ ಮೆದು ಮೇಣ ಮತ್ತು ದ್ರಾವಕಗಳೊಂದಿಗೆ ಬೆರೆತಿರುವುದರಿಂದ ನಮ್ಮ ಬಿಸಿಲಿನಲ್ಲಿ ಒಂದೆರಡು ತಿಂಗಳಿಗಿಂತ ಹೆಚ್ಚು ಬಾಳುವುದಿಲ್ಲ. ಪಾಲಿಮರ್‌ನಿಂದ ಮಾಡಿದ ಸಿಂಥೆಟಿಕ್ ಸೀಲಂಟ್ ಇನ್ನೊಂದು. ನಾಲ್ಕು ತಿಂಗಳು, ಕೆಲವೊಮ್ಮೆ ಆರು ತಿಂಗಳವರೆಗೂ ನಿಲ್ಲುತ್ತದೆ. ಕಪ್ಪು, ಕೆಂಪು ಕಾರುಗಳ ಮೇಲೆ ಕಾರ್ನೂಬಾ ಕೊಡುವ ಆಳವಾದ ಹೊಳಪನ್ನು ಮೆಚ್ಚುವವರಿದ್ದಾರೆ, ಆದರೆ ಧೂಳು, ಬಿಸಿಲು ಇಷ್ಟಿರುವ ಊರಿನಲ್ಲಿ ನಿತ್ಯ ಓಡುವ ಕಾರಿಗೆ ಸೀಲಂಟೇ ಮೇಲು ಎನ್ನುತ್ತೇನೆ. ಹೊಸ ಕಾರು ಕೊಳ್ಳುವಾಗ ಷೋರೂಮಿನಲ್ಲಿ ಸೇರಿಸಲು ಒತ್ತಾಯಿಸುವ ಟೆಫ್ಲಾನ್ ಕೋಟಿಂಗ್ ಎಂಬುದಕ್ಕೆ ಕೊಡುವ ಹಣದಲ್ಲಿ ಇಂಥ ಸೀಲಂಟನ್ನು ಹಲವು ವರ್ಷ ಹಚ್ಚಬಹುದು.

ಹಚ್ಚುವಾಗ ಗಮನದಲ್ಲಿಡಬೇಕಾದದ್ದು ತೆಳುವಾಗಿ ಹಚ್ಚುವುದೊಂದೇ. ದಪ್ಪಗೆ ಬಳಿದರೆ ರಕ್ಷಣೆ ಹೆಚ್ಚುವುದಿಲ್ಲ, ಒರೆಸುವ ತೋಳು ಮಾತ್ರ ನೋಯುತ್ತದೆ. ಹೊಸ ಫೋಮ್ ಪ್ಯಾಡನ್ನು ಸ್ವಲ್ಪ ತೇವ ಮಾಡಿ, ವ್ಯಾಕ್ಸನ್ನು ಬೆರಳ ತುದಿಯಷ್ಟು ತೆಗೆದುಕೊಂಡು, ಬಾನೆಟ್ಟಿನ ಅರ್ಧಕ್ಕೆ ಅದೇ ಸಾಲುವಂತೆ, ಕಣ್ಣಿಗೆ ಕಾಣುವಷ್ಟೇ ಮಬ್ಬು ಬರುವಂತೆ ಸವರಿ. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಐದರಿಂದ ಹತ್ತು ನಿಮಿಷ, ಆರಲು ಬಿಡಿ. ಬೆರಳನ್ನು ಒಮ್ಮೆ ಎಳೆದು ನೋಡಿದಾಗ ಪುಡಿಯಂತೆ ಎದ್ದು ಕೆಳಗೆ ಸ್ವಚ್ಛ ಹೊಳಪು ಕಂಡರೆ ಒರೆಸುವ ಸಮಯ. ಮೆತ್ತಿಕೊಂಡು ಸವರಿದರೆ ಇನ್ನೂ ಕಾಯಬೇಕು. ಅರಿವೆಯನ್ನು ನಾಲ್ಕು ಮಡಿಕೆ ಮಾಡಿ ಒಂದು ಮುಖದಿಂದ ವ್ಯಾಕ್ಸ್ ತೆಗೆದು, ತಿರುಗಿಸಿ ಇನ್ನೊಂದು ಮುಖದಿಂದ ಹೊಳಪು ಕೊಡಿ. ಹುಬ್ಬಳ್ಳಿಯ ಒಣ ಗಾಳಿಯಲ್ಲಿ ಬೇಗ ಆರುವುದರಿಂದ ಇಡೀ ಕಾರಿಗೆ ಒಮ್ಮೆಲೇ ಬಳಿದು ಕೂರಬೇಡಿ, ಎರಡು ಭಾಗಕ್ಕೆ ಹಚ್ಚಿ ಮೊದಲನೆಯದನ್ನು ಒರೆಸುತ್ತಾ ಸಾಗಿ. ಗಾಜಿನ ಮೇಲೆ ಬೇಡ, ಅದರಲ್ಲೂ ಮುಂದಿನ ಗಾಜಿಗೆ ತಾಕಿದರೆ ವೈಪರ್ ಆಡಿದಾಗ ಮಬ್ಬು ಕವಿಯುತ್ತದೆ. ಕಪ್ಪು ಪ್ಲಾಸ್ಟಿಕ್ಕಿಗೆ ತಾಕಿ ಬಿಳಿಯ ಗುರುತು ಉಳಿದರೆ ಪೆನ್ಸಿಲ್ ಅಳಿಸುವ ಮೆದು ರಬ್ಬರಿನಿಂದ ಉಜ್ಜಿ ತೆಗೆಯಬಹುದು.

ಒಂದೇ ಸಲ ಹಚ್ಚಿದಾಗ ಅಲ್ಲಲ್ಲಿ ಬಿಟ್ಟುಹೋಗಿರುವುದು ಸಾಮಾನ್ಯ. ಮರುದಿನ ಎರಡನೆಯ ತೆಳು ಪದರ ಹಚ್ಚಿದರೆ ಆ ಬಿಟ್ಟ ಜಾಗಗಳು ತುಂಬುತ್ತವೆ. ಸೀಲಂಟ್ ಆಗಿದ್ದರೆ ಮೊದಲ ಅರ್ಧ ದಿನವಾದರೂ ನೀರು ತಾಕದಂತೆ ನೋಡಿಕೊಳ್ಳಿ.

ಆಮೇಲಿನ ಪಾಲನೆ

ವ್ಯಾಕ್ಸ್ ಇದೆಯೇ ಎಂದು ತಿಳಿಯಲು ಒಂದು ಚೊಂಬು ನೀರು ಸಾಕು. ನೀರು ದುಂಡು ಮುತ್ತುಗಳಾಗಿ ನಿಂತು ಜಾರಿದರೆ ಇದೆ. ಅಗಲವಾಗಿ ಹರಡಿ ಅಂಟಿ ನಿಂತರೆ ಮುಗಿದಿದೆ. ಆದರೆ ದುಂಡಗೆ ನಿಂತ ಸವಳು ನೀರಿನ ಹನಿ ಬಿಸಿಲಿನಲ್ಲಿ ಆರಿದರೆ ಕಲೆ ಇನ್ನೂ ಗಾಢವಾಗಿ ಬೀಳುತ್ತದೆ, ಆದ್ದರಿಂದ ವ್ಯಾಕ್ಸ್ ಇದೆ ಎಂಬ ಧೈರ್ಯದಿಂದ ಬೋರ್ ನೀರು ಹೊಡೆದು ಹಾಗೆಯೇ ಬಿಡಬಾರದು. ನಮ್ಮ ಹವೆಗೆ ಹೊಂದುವ ಲೆಕ್ಕ ಇದು: ದೀಪಾವಳಿಯ ಸುಮಾರಿಗೆ ಒಮ್ಮೆ, ಹೋಳಿಗೆ ಮುನ್ನ ಒಮ್ಮೆ, ಮುಂಗಾರು ಇಳಿಯುವ ಮೊದಲು ಒಮ್ಮೆ. ಹುಬ್ಬಳ್ಳಿಯ ರಂಗಪಂಚಮಿಯಂದು ಓಣಿಯಲ್ಲಿ ನಿಂತ ಕಾರಿಗೆ ಬಣ್ಣ ತಪ್ಪಿದ್ದಲ್ಲ; ಹೊಸ ವ್ಯಾಕ್ಸ್ ಇದ್ದರೆ ಅದು ಅದೇ ದಿನ ನೀರು ಸುರಿದಾಗಲೇ ಹೆಚ್ಚುಕಡಿಮೆ ಹೊರಟುಹೋಗುತ್ತದೆ.

ಹಕ್ಕಿಯ ಹಿಕ್ಕೆಯನ್ನು ಕಂಡ ಕೂಡಲೇ, ಒರೆಸದೆ, ಒದ್ದೆ ಅರಿವೆಯನ್ನು ಅದರ ಮೇಲೆ ಹಾಸಿ ಐದು ನಿಮಿಷ ನೆನೆಸಿ ಎತ್ತಿ. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಬಿಟ್ಟರೂ ಅದರ ಆಮ್ಲ ಬಣ್ಣದಲ್ಲಿ ಅಚ್ಚೊತ್ತುತ್ತದೆ. ಕಾರಿಗೆ ಹೊದಿಸುವ ಕವರ್ ಬಳಸುವವರು ಧೂಳು ಕುಳಿತ ಕಾರಿನ ಮೇಲೆ ಅದನ್ನು ಎಳೆಯಬಾರದು. ಗಾಳಿಗೆ ಕವರ್ ಅಲುಗಿದಷ್ಟೂ ಕೆಳಗಿನ ಧೂಳು ಉಜ್ಜುತ್ತಿರುತ್ತದೆ. ನಿತ್ಯದ ಧೂಳಿಗೆ ಕಾರಿನ ಮೇಲೆ ಎರಡು ಚೊಂಬು ನೀರು ಸುರಿದು, ಒದ್ದೆ ಮೈಕ್ರೋಫೈಬರನ್ನು ಭಾರ ಹಾಕದೆ ಎಳೆದರೆ ಸಾಕು. ಅದಕ್ಕೂ ಸಮಯವಿಲ್ಲದ ದಿನ ಗಾಜುಗಳನ್ನಷ್ಟೇ ಒರೆಸಿ, ಬಣ್ಣವನ್ನು ಧೂಳಿನಲ್ಲಿಯೇ ಬಿಟ್ಟು ಹೊರಡಿ.

ಬಳಸಿದ ಮೈಕ್ರೋಫೈಬರ್ ಅರಿವೆಗಳನ್ನು ಮನೆಯ ಹತ್ತಿ ಬಟ್ಟೆಗಳೊಂದಿಗೆ ಹಾಕದೆ ಬೇರೆಯಾಗಿ, ದ್ರವ ಸೋಪಿನಲ್ಲಿ, ಕಂಫರ್ಟಿನಂಥ ಮೆದುಕಾರಿಗಳಿಲ್ಲದೆ ಒಗೆದು, ನೆರಳಿನಲ್ಲಿ ಒಣಗಿಸಿ, ಮುಚ್ಚಳದ ಡಬ್ಬಿಯಲ್ಲಿ ಇಡಿ. ಪಾಲಿಶ್ ಒರೆಸಿದ್ದು, ವ್ಯಾಕ್ಸ್ ಒರೆಸಿದ್ದು, ಚಕ್ರ ಒರೆಸಿದ್ದು ಎಂದು ಅಂಚಿಗೆ ಬಣ್ಣದ ದಾರದಿಂದ ಗುರುತು ಮಾಡಿಟ್ಟರೆ ಮುಂದಿನ ಸಲ ಅದಲುಬದಲಾಗುವುದಿಲ್ಲ. ಫೋಮ್ ಪ್ಯಾಡುಗಳನ್ನು ಹಿಂಡಿ ತಿರುಚದೆ ಅಂಗೈಗಳ ನಡುವೆ ಒತ್ತಿ ನೀರು ತೆಗೆಯಿರಿ. ಉಳಿದ ವ್ಯಾಕ್ಸಿನ ಡಬ್ಬಿಯನ್ನು ಕಾರಿನ ಡಿಕ್ಕಿಯಲ್ಲಿ ಇಡಬೇಡಿ, ಬೇಸಿಗೆಯ ಶಾಖಕ್ಕೆ ಅದರ ದ್ರಾವಕ ಬೇರ್ಪಟ್ಟು ಮೇಣ ಗಂಟುಕಟ್ಟುತ್ತದೆ. ಮನೆಯೊಳಗೆ, ಮಕ್ಕಳ ಕೈಗೆ ಸಿಗದ ತಣ್ಣಗಿನ ಕಪಾಟಿನಲ್ಲಿಟ್ಟರೆ ಒಂದೇ ಡಬ್ಬಿ ಹಲವು ಸಲಕ್ಕೆ ಬರುತ್ತದೆ.